ಕಪ್ಪು ದಾರದ ಕುಂಚ

೧೯೮೭ನೇ ಇಸವಿ, ಜನವರಿ ೨೨, ಗುರುವಾರ. ಬೆಳಿಗ್ಗೆ ಹೊಳೆಯ ಮೇಲೆ ಮಂಜಿತ್ತು. ಎಂಟು ಗಂಟೆಯ ಹೊತ್ತಿಗೆ ಬಿಸಿಲು ಬಂತು. ಗಾಳಿ ಇರಲಿಲ್ಲ.

"ಕಣ್ಣು ತೆರೆಸಲು ಒಳ್ಳೆಯ ದಿನ" ಎಂದರು ದ್ಯಾವಣ್ಣ ಮೇಷ್ಟ್ರು.

ದೇವಿಯ ಚಿತ್ರ ಗೋಡೆಗೆ ಒರಗಿತ್ತು. ಹೊಳೆಯಾಚೆಯ ಗುಡಿಗೆ ಹೋಗಬೇಕಾದ ಚಿತ್ರ. ಸೀರೆ, ಒಡವೆ, ಕೈಯ ಮೇಲಿನ ಗಿಳಿ ಎಲ್ಲ ಮುಗಿದಿತ್ತು. ಕಣ್ಣಿನ ಜಾಗ ಮಾತ್ರ ಖಾಲಿ.

ಕಣ್ಣು ಕೊನೆಗೆ. ಅದು ಆ ಮನೆಯ ಪದ್ಧತಿ.

ಮೇಷ್ಟ್ರಿಗೆ ಅರವತ್ತೆಂಟು. ಶಿಷ್ಯೆ ವನಮಾಲಳಿಗೆ ಇಪ್ಪತ್ತಾರು. ಮೂರು ವರ್ಷದಿಂದ ಅವಳು ಬಣ್ಣ ಅರೆದಿದ್ದಳು, ಕುಂಚ ತೊಳೆದಿದ್ದಳು, ದೇವಿಯರ ಸೀರೆಗೆ ಅಂಚು ಬರೆದಿದ್ದಳು. ಕಣ್ಣಿನ ಹತ್ತಿರ ಅವಳ ಕೈ ಹೋಗಿರಲಿಲ್ಲ.

ಹೋದ ವಾರ ಮೇಷ್ಟ್ರು ಹೇಳಿದ್ದರು: "ಇವಳ ಕಣ್ಣು ನಾನು ತೆರೆಸುತ್ತೇನೆ. ಆಮೇಲೆ ಕಣ್ಣಿನ ಕುಂಚ ನಿನ್ನದು. ಮುಂದಿನ ದೇವಿಯರೆಲ್ಲ ನಿನ್ನವರು."

ಅಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಅವಳು ಬಿದಿರಿನ ಕೊಳವೆಯಿಂದ ಕುಂಚ ತೆಗೆದು ತಟ್ಟೆಯಲ್ಲಿಟ್ಟಳು. ಅಳಿಲಿನ ಬಾಲದ ಕೂದಲು, ಬುಡಕ್ಕೆ ಬಿಗಿದ ಕಪ್ಪು ದಾರ. ಪಕ್ಕದ ಚಿಪ್ಪಿನಲ್ಲಿ ದೀಪದ ಮಸಿ ಕಲಸಿಟ್ಟಿದ್ದಳು.

ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಕುಂಚ ತೊಳೆದವರನ್ನು ಕೇಳದೆ ಯಾರೂ ಕಣ್ಣಿಗೆ ಕೈ ಹಾಕುವಂತಿಲ್ಲ.

"ಕುಂಚ ಸರಿಯಿದೆಯಾ?" ಎಂದು ಮೇಷ್ಟ್ರು ಕೇಳಿದರು.

"ಸರಿಯಿದೆ ಮೇಷ್ಟ್ರೇ."

ಅವರು ಕುಂಚ ಎತ್ತಿಕೊಂಡರು. ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು. ಮತ್ತೆ ತಟ್ಟೆಯಲ್ಲಿಟ್ಟರು.

"ಬಿಸಿಲು ಇನ್ನೂ ಗೋಡೆಗೆ ಬಂದಿಲ್ಲ. ಕೂತುಕೋಮ್ಮ. ಯಾಕೋ ನಮ್ಮ ಗುರುಗಳು ನೆನಪಾದರು."

ವನಮಾಲ ಕೂತಳು.

*

ದ್ಯಾವಣ್ಣನ ಗುರುಗಳು ಲಿಂಗಾಚಾರ್ಯರು. ಇದೇ ಹೊಳೆ, ಮೇಲ್ದಂಡೆಯ ಊರು. ಮನೆಯಿಂದ ನೀರಿಗೆ ಒಂಬತ್ತು ಮೆಟ್ಟಿಲು.

ದ್ಯಾವಣ್ಣ ಹೋಗಿ ಸೇರಿದಾಗ ಅವನಿಗೆ ಇಪ್ಪತ್ತೆರಡು. ಊರಲ್ಲಿ ಆಗಲೇ ಗೋಡೆಗಳ ಮೇಲೆ ಆನೆ ಕುದುರೆ ಬರೆದು ಹೆಸರು ಮಾಡಿದ್ದ.

"ಏನು ಬರುತ್ತೆ ನಿನಗೆ?" ಎಂದು ಗುರುಗಳು ಕೇಳಿದರು.

"ಆನೆ ಬರೀತೀನಿ. ಕುದುರೆ ಬರೀತೀನಿ."

"ತೊಳೆಯೋಕೆ ಬರುತ್ತಾ?"

"ಆನೇನಾ?"

ಒಳಗಿನಿಂದ ಗುರುಪತ್ನಿ ಸಾವಂತ್ರಮ್ಮ ನಕ್ಕದ್ದು ಕೇಳಿಸಿತು. ಗುರುಗಳು ನಗಲಿಲ್ಲ. ಒಂದು ಹಿಡಿ ಕುಂಚ ತಂದು ಅವನ ಕೈಗೆ ಕೊಟ್ಟರು.

ಪ್ರತಿ ಸಂಜೆ ಅದೇ ಕೆಲಸ. ಅಂಟುವಾಳದ ಕಾಯಿ ನೆನೆಸಿದ ನೀರು ಹಿಡಿದು ಒಂಬತ್ತು ಮೆಟ್ಟಿಲು ಇಳಿಯಬೇಕು. ಅಂಗೈಯಲ್ಲಿ ನೊರೆ ಮಾಡಿ ಕುಂಚವನ್ನು ಅದರಲ್ಲಿ ಮೆಲ್ಲಗೆ ತಿರುಗಿಸಬೇಕು. ಹಳೆಯ ಪಂಚೆಯ ಚೂರಿನಲ್ಲಿ ಒರೆಸಬೇಕು. ತುದಿ ಕೆಳಗೆ ಮಾಡಿ ಹಗ್ಗಕ್ಕೆ ತೂಗುಹಾಕಬೇಕು. ಬೆಳಿಗ್ಗೆ ಒಣಗಿದ ಮೇಲೆ ಬೇವಿನೆಲೆ ಹಾಕಿದ ಕೊಳವೆಗೆ.

ಮೊದಲ ದಿನವೇ ದ್ಯಾವಣ್ಣ ಕೇಳಿದ: "ತಲೆಕೆಳಗಾಗಿ ಯಾಕೆ ಗುರುಗಳೇ?"

"ನೆಟ್ಟಗೆ ನಿಲ್ಲಿಸಿದರೆ ನೀರು ಬುಡಕ್ಕೆ ಇಳಿಯುತ್ತೆ. ಬುಡ ಕೊಳೆತರೆ ತುದಿಗೆ ಗೊತ್ತಾಗೋದು ನಿಧಾನ."

ಒಂದು ಸಂಜೆ ಗುರುಗಳು ಅವನು ತೊಳೆದ ಕುಂಚದ ಬುಡವನ್ನು ಎರಡು ಬೆರಳಿನಲ್ಲಿ ಹಿಂಡಿದರು. ಕೆಂಪು ಹನಿ ಬಂತು.

"ನೀರು ತಿಳಿಯಾಗಿತ್ತಲ್ಲ ಗುರುಗಳೇ!"

"ನೀರು ತಿಳಿಯಾಗೋದು ಬೇಗ ಕಣಯ್ಯ. ಅದಕ್ಕೇನು, ಹರಿದು ಹೋಗುತ್ತೆ."

ಆ ಮನೆಯಲ್ಲಿ ಹಳದಿಗೆ ಬೇರೆ ಕುಂಚಗಳಿದ್ದವು. ಅವುಗಳ ಬುಡಕ್ಕೆ ಹಳದಿ ದಾರ. ಕೊಳವೆಯೂ ಬೇರೆ, ತೊಳೆಯುವ ಮೆಟ್ಟಿಲೂ ಬೇರೆ, ಎಲ್ಲಕ್ಕಿಂತ ಕೆಳಗಿನದು. ಹಳದಿಯೆಂದರೆ ಹರಿದಾಳ. ಕಲ್ಲಿನಿಂದ ಅರೆಯುವ ಬಣ್ಣ, ಚಿನ್ನದ ಹಾಗೆ ಹೊಳೆಯುವುದು, ವಿಷ.

ಕಣ್ಣಿಗೆ ಇದ್ದದ್ದು ಒಂದೇ ಕುಂಚ. ಕಪ್ಪು ದಾರದ್ದು. ಅದಕ್ಕೆ ಮಸಿ ಬಿಟ್ಟು ಬೇರೆ ಬಣ್ಣ ಮುಟ್ಟಿಸುವಂತಿರಲಿಲ್ಲ. ಕಣ್ಣಿನ ಗೆರೆ ಬರೆಯುವಾಗ ಗುರುಗಳು ಕುಂಚದ ತುದಿಯನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಳ್ಳುತ್ತಿದ್ದರು. ಬೆರಳಿಗೆ ಬಾರದ ಚೂಪು ತುಟಿಗೆ ಬರುತ್ತದೆ.

*

"ನೀವೂ ಹಾಗೇ ಮಾಡ್ತೀರಿ" ಎಂದಳು ವನಮಾಲ. ಅವಳ ದನಿ ಸಣ್ಣಗಿತ್ತು.

"ಅವರಿಂದ ಬಂದದ್ದು."

"ಈ ಕುಂಚ..."

"ಅದೇ ಕುಂಚ. ಕೂದಲು ನಾಲ್ಕು ಸಲ ಬದಲಾಗಿದೆ. ದಾರವೂ ಬದಲಾಗಿದೆ. ಕಡ್ಡಿ ಅವರದೇ. ಅವರ ಹೆಬ್ಬೆರಳಿನ ತಗ್ಗು ಇದೆ ನೋಡು, ಇಲ್ಲಿ."

ಅವಳು ನೋಡಲಿಲ್ಲ.

ಮೇಷ್ಟ್ರು ಹೊಳೆಯ ಕಡೆ ನೋಡುತ್ತ ಮುಂದುವರಿಸಿದರು.

*

ದ್ಯಾವಣ್ಣ ಬಂದು ನಾಲ್ಕು ವರ್ಷವಾಗಿತ್ತು. ಕೈ ಪಳಗಿತ್ತು. ಗುರುಗಳ ಕೈಗೂ ಇವನ ಕೈಗೂ ವ್ಯತ್ಯಾಸ ಕಾಣುವುದಿಲ್ಲವೆಂದು ಬಂದವರು ಹೇಳತೊಡಗಿದ್ದರು. ಅವನಿಗೂ ಹಾಗೇ ಅನಿಸತೊಡಗಿತ್ತು. ಆ ಗೆರೆ ಕೈಯಲ್ಲಿಲ್ಲ, ಕುಂಚದಲ್ಲಿದೆ ಎಂದು ಅವನ ಎಣಿಕೆ.

ಒಂದು ಮಧ್ಯಾಹ್ನ ಗುರುಗಳು ಊಟ ಮಾಡಿ ಮಲಗಿದ್ದರು. ಮಾರನೆಯ ದಿನ ಒಬ್ಬ ದೇವಿಗೆ ಕಣ್ಣು ತೆರೆಸಬೇಕಿತ್ತು. ದ್ಯಾವಣ್ಣ ಸೆರಗಿನ ಜರಿಗೆ ಹಳದಿ ಗೆರೆ ಎಳೆಯುತ್ತಿದ್ದ. ಗೆರೆ ದಪ್ಪ ಬರುತ್ತಿತ್ತು.

ಕಪ್ಪು ದಾರದ ಕುಂಚ ಕೊಳವೆಯಲ್ಲಿತ್ತು.

ಅವನು ಅದನ್ನು ತೆಗೆದ. ಹರಿದಾಳದಲ್ಲಿ ಅದ್ದಿದ. ಮೂರು ಗೆರೆ ಎಳೆದ. ಕೂದಲಿನಂಥ ಗೆರೆ. ಅಂಥದು ಅವನ ಕೈಯಿಂದ ಎಂದೂ ಬಂದಿರಲಿಲ್ಲ.

ಆಮೇಲೆ ಹೆದರಿದ. ಓಡಿಹೋಗಿ ತೊಳೆದ. ಒಮ್ಮೆ ತೊಳೆದ, ಇನ್ನೊಮ್ಮೆ ತೊಳೆದ. ನೀರು ತಿಳಿಯಾಯಿತು. ಗುರುಗಳು ಏಳುವ ಸದ್ದಾಯಿತು. ಹಸಿಯಿದ್ದ ಹಾಗೆಯೇ ಕೊಳವೆಗೆ ಹಾಕಿಬಿಟ್ಟ.

ಮಾರನೆಯ ಬೆಳಿಗ್ಗೆ ಗುರುಗಳು ಸ್ನಾನ ಮಾಡಿ ಬಂದು ಚಿತ್ರದ ಮುಂದೆ ಕೂತರು.

"ಕುಂಚ ಸರಿಯಿದೆಯಾ, ದ್ಯಾವಣ್ಣ?"

ಎದುರಿಗೆ ಸಾವಂತ್ರಮ್ಮನವರು ಆರತಿ ಹಿಡಿದು ನಿಂತಿದ್ದರು. ಗುಡಿಯವರು ನಾಲ್ಕು ಜನ ಬಂದು ಕೂತಿದ್ದರು.

"ಸರಿಯಿದೆ ಗುರುಗಳೇ."

ಗುರುಗಳು ಮಸಿಯಲ್ಲಿ ಅದ್ದಿದರು. ತುಟಿಗಿಟ್ಟು ಎಳೆದರು. ಬಲಗಣ್ಣು ತೆರೆಯಿತು.

ಒಂದು ಕಣ್ಣು ತೆರೆದ ಮೇಲೆ ಇನ್ನೊಂದು ತೆರೆಯುವವರೆಗೆ ಯಾರೂ ಮಾತಾಡುವಂತಿಲ್ಲ, ಏಳುವಂತಿಲ್ಲ, ಕುಂಚವನ್ನು ಕೆಳಗಿಡುವಂತಿಲ್ಲ.

ಎಡಗಣ್ಣಿಗೆಂದು ಗುರುಗಳು ಮತ್ತೆ ತುಟಿಗಿಟ್ಟರು. ಒದ್ದೆಯಾದ ಬುಡದಿಂದ ಅಷ್ಟರಲ್ಲಿ ಬಣ್ಣ ಇಳಿದಿತ್ತು. ಅವರ ಕೆಳತುಟಿಯ ಮೇಲೆ ಮಸಿಯ ಜೊತೆ ಒಂದು ಹಳದಿ ಎಳೆ ಮೂಡಿದ್ದನ್ನು ದ್ಯಾವಣ್ಣ ಕಂಡ.

ಗುರುಗಳ ಕೈ ಒಂದು ಕ್ಷಣ ನಿಂತಿತು. ಅವರು ಕುಂಚವನ್ನು ನೋಡಿದರು. ದ್ಯಾವಣ್ಣನನ್ನು ನೋಡಲಿಲ್ಲ.

ಮತ್ತೆ ಬರೆದರು. ಮತ್ತೆ ತುಟಿಗಿಟ್ಟರು. ಐದು ಸಲ. ದ್ಯಾವಣ್ಣ ಎಣಿಸಿದ.

ಎಡಗಣ್ಣು ತೆರೆಯಿತು. ಸಾವಂತ್ರಮ್ಮನವರು ಆರತಿ ಎತ್ತಿದರು. ಅಂಥ ಕಣ್ಣನ್ನು ತಾವು ಕಂಡಿಲ್ಲವೆಂದು ಗುಡಿಯವರು ಕೈಮುಗಿದರು.

ಗುರುಗಳು ಎದ್ದು ಹಿತ್ತಲಿಗೆ ಹೋದರು. ಬಾಯಿ ಮುಕ್ಕಳಿಸುವ ಸದ್ದು ಬಹಳ ಹೊತ್ತು ಕೇಳಿಸಿತು.

*

"ಏನಾಯ್ತು ಅವರಿಗೆ?" ವನಮಾಲ ಕೇಳಿದಳು.

"ಎಂಟು ದಿನ ಹಾಸಿಗೆ ಹಿಡಿದರು. ವಾಂತಿ. ಅಮ್ಮ ಗಂಜಿ ಕಾಯಿಸಿ ಕಾಯಿಸಿ ಹಾಕಿದರು. ಉಳಿದರು."

"ಸದ್ಯ."

"ನಾಲಿಗೆ ಹೋಯಿತು."

"ಮಾತು ನಿಂತುಹೋಯ್ತಾ?"

"ರುಚಿ. ಎದ್ದ ಮೇಲೆ ಮೊದಲ ದಿನ ಊಟಕ್ಕೆ ಕೂತು, ಸಾರಿಗೆ ಉಪ್ಪು ಹಾಕಿಲ್ಲವೇನೇ ಅಂದರು. ಅಮ್ಮ ಸೌಟು ಹಿಡಿದು ಬಂದರು. 'ಮೂವತ್ತು ವರ್ಷ ಉಂಡು ಇವತ್ತು ನನ್ನ ಸಾರಿಗೆ ಹೆಸರಿಡ್ತೀರಾ? ದ್ಯಾವಣ್ಣ, ನೀನು ಹೇಳಪ್ಪ, ಉಪ್ಪಿದೆಯೋ ಇಲ್ಲವೋ?' ಅಂತ ಕೇಳಿದರು."

ಮೇಷ್ಟ್ರು ಮಸಿಯ ಚಿಪ್ಪನ್ನು ಹತ್ತಿರ ಎಳೆದುಕೊಂಡರು.

"ಉಪ್ಪಿತ್ತು. ಹುಳಿ, ಖಾರ, ಇಂಗಿನ ಒಗ್ಗರಣೆ ಎಲ್ಲ ಇತ್ತು. ಅಂಥ ಸಾರು ನಾನು ಆಮೇಲೆ ಎಲ್ಲೂ ಉಂಡಿಲ್ಲ. ಗುರುಗಳು ನನ್ನ ಕಡೆ ನೋಡಿದರು. 'ಉಪ್ಪು ಸ್ವಲ್ಪ ಕಡಿಮೆ ಅಮ್ಮ' ಅಂದೆ. ಗಂಡಸರೆಲ್ಲ ಒಂದೇ ಅಂತ ಬೈದುಕೊಂಡು ಒಳಗೆ ಹೋದರು. ಕೊನೆಯವರೆಗೂ ಅವರಿಗೆ ಗೊತ್ತಾಗಲಿಲ್ಲ."

"ಗುರುಗಳು ನಿಮ್ಮನ್ನು ಏನೂ ಕೇಳಲಿಲ್ಲವಾ?"

"ನಾನೇ ಕೇಳಿದೆ. ಆ ಸಂಜೆ ಮೆಟ್ಟಿಲ ಮೇಲೆ."

*

ಒಂಬತ್ತನೆಯ ಮೆಟ್ಟಿಲ ಮೇಲೆ ಲಿಂಗಾಚಾರ್ಯರು ಕಪ್ಪು ದಾರದ ಕುಂಚ ತೊಳೆಯುತ್ತಿದ್ದರು. ದ್ಯಾವಣ್ಣ ಹೋಗಿ ಕಾಲಿಗೆ ಬಿದ್ದ.

"ತಪ್ಪಾಯಿತು ಗುರುಗಳೇ."

"ಕಾಲು ಬಿಡು. ಜಾರೀತು."

"ನಿಮಗೆ ಗೊತ್ತಾದ ಕೂಡಲೇ ಯಾಕೆ ನಿಲ್ಲಿಸಲಿಲ್ಲ? ಯಾಕೆ ಬೈಯಲಿಲ್ಲ?"

"ಒಂದು ಕಣ್ಣು ತೆರೆದಿತ್ತಲ್ಲ. ಅವಳು ನೋಡುತ್ತಿದ್ದಳು. ಅವಳ ಮುಂದೆ ನಿನ್ನನ್ನು ಹೇಗೆ ಬೈಯಲಿ?"

ದ್ಯಾವಣ್ಣ ಅತ್ತ. ಗುರುಗಳು ಕುಂಚ ತೊಳೆಯುತ್ತಲೇ ಇದ್ದರು. ಬುಡ ಹಿಂಡಿದರು, ನೋಡಿದರು, ಮತ್ತೆ ನೊರೆ ಮಾಡಿದರು.

"ನನ್ನನ್ನು ಮನೆಗೆ ಕಳಿಸಿಬಿಡಿ."

"ಕಳಿಸಿದರೆ ಇದನ್ನು ತೊಳೆಯುವವರು ಯಾರು?"

ಅವನು ಇನ್ನೂ ಆರು ವರ್ಷ ಅಲ್ಲೇ ಇದ್ದ. ಗುರುಗಳು ಆ ದಿನದ ಮಾತು ಮತ್ತೆ ಎತ್ತಲಿಲ್ಲ. ಹೊರಡುವ ದಿನ ಕುಂಚವನ್ನು ಅವನ ಕೈಗಿಟ್ಟರು.

"ಗುರುದಕ್ಷಿಣೆ ಏನು ಕೊಡಲಿ?" ಎಂದು ದ್ಯಾವಣ್ಣ ಕೇಳಿದ.

"ಅವತ್ತು ಕುಂಚ ಸರಿಯಿದೆಯಾ ಅಂತ ಕೇಳಿದೆ. ನಿನ್ನ ಗಂಟಲಿನಲ್ಲಿ ಎರಡು ಉತ್ತರ ಇತ್ತು. ಒಂದನ್ನು ಕೊಟ್ಟೆ. ಇನ್ನೊಂದು ನನಗೆ ಬರಬೇಕು."

"ಈಗ ಹೇಳುತ್ತೇನೆ ಗುರುಗಳೇ. ಸರಿ..."

ಗುರುಗಳು ಕೈಯೆತ್ತಿ ತಡೆದರು.

"ಈಗ ಹೇಳಿದರೆ ಅದಕ್ಕೆ ಏನು ತೂಕ? ಕುಂಚ ತಟ್ಟೆಯಲ್ಲಿರಬೇಕು. ದೇವಿ ಎದುರಿಗಿರಬೇಕು. ಹೇಳಿದರೆ ಕಳೆದುಕೊಳ್ಳುವುದೊಂದು ಇರಬೇಕು. ಆಗ ಹೇಳು."

*

ಬಿಸಿಲು ಗೋಡೆಗೆ ಬಂದಿತ್ತು. ದೇವಿಯ ಮೂಗುತಿ ಹೊಳೆಯಿತು.

"ಹೇಳಿದಿರಾ?" ಎಂದಳು ವನಮಾಲ.

"ಎಲ್ಲಿ ಹೇಳಲಿ? ಮಾರನೆಯ ವರ್ಷವೇ ಹೋಗಿಬಿಟ್ಟರು. ಆಮೇಲೆ ಕೇಳುವವನು ನಾನೇ ಆದೆ. ನನ್ನನ್ನು ಕೇಳುವವರು ಯಾರೂ ಉಳಿಯಲಿಲ್ಲ."

"ಹಾಗಾದರೆ ದಕ್ಷಿಣೆ?"

"ಹಾಗೇ ಇದೆ. ಮೂವತ್ತಾರು ವರ್ಷವಾಯಿತು."

ಹೊಳೆಯಾಚೆ ಯಾರೋ ದೋಣಿಯವನನ್ನು ಕೂಗಿದರು. ಗುಡಿಯವರು ಬರುವ ಹೊತ್ತು. ಇವತ್ತು ತಪ್ಪಿದರೆ ಮುಂದಿನ ಮುಹೂರ್ತ ಹದಿನೆಂಟು ದಿನಕ್ಕೆ.

ಮೇಷ್ಟ್ರು ಚಾಪೆಯ ಮೇಲೆ ನೆಟ್ಟಗೆ ಕೂತರು. ಕುಂಚ ಎತ್ತಿಕೊಂಡರು. ಮಸಿಯಲ್ಲಿ ಅದ್ದಿದರು. ತುಟಿಯ ಹತ್ತಿರ ತಂದು ನಿಲ್ಲಿಸಿದರು.

"ವನಮಾಲ. ಕುಂಚ ಸರಿಯಿದೆಯಾ?"

ಅವಳು ತಲೆಯೆತ್ತಿದಳು. ಬಿಸಿಲಿನಲ್ಲಿ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಕಪ್ಪು ದಾರದ ಗಂಟಿನಲ್ಲಿ, ಸಾಸಿವೆಯಷ್ಟು, ಹಳದಿ. ಮೊದಲ ಸಲ ಅವರು ಬೆಳಕಿಗೆ ಹಿಡಿದು ತಿರುಗಿಸಿದಾಗಲೂ ಅದು ಅಲ್ಲೇ ಇದ್ದಿರಬೇಕು.

"ಸರಿಯಿಲ್ಲ" ಎಂದಳು.

ಮೇಷ್ಟ್ರು ಕಾದರು.

"ಸರಿಯಿಲ್ಲ ಮೇಷ್ಟ್ರೇ. ನಿನ್ನೆ ಮಧ್ಯಾಹ್ನ ನೀವು ಪೇಟೆಗೆ ಹೋದಾಗ ತೆಗೆದೆ. ಮುಂದೆ ನನ್ನದಾಗುತ್ತಲ್ಲ, ಹೇಗಿದೆ ನೋಡೋಣ ಅಂತ. ಸೆರಗಿಗೆ ಎರಡು ಗೆರೆ ಎಳೆದೆ. ಹರಿದಾಳದಲ್ಲಿ. ಇನ್ನು ಅದು ನನಗೆ ಬೇಡ. ನಾಳೆ ಊರಿಗೆ ಹೋಗ್ತೀನಿ. ಬಾಯಿಗಿಡಬೇಡಿ."

ಮೇಷ್ಟ್ರು ಕುಂಚ ಕೆಳಗಿಟ್ಟರು.

"ಎಷ್ಟು ಸಲ ತೊಳೆದೆ?"

"ಮೂರು ಸಲ."

"ನಾನು ಎರಡೇ ಸಲ."

ಅವರು ಎದ್ದು ದೇವಿಯ ಮುಖದ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟರು. ಅಂಟುವಾಳದ ನೀರಿನ ಬಟ್ಟಲು ತೆಗೆದುಕೊಂಡರು. ಬಾಗಿಲವರೆಗೆ ಹೋಗಿ ನಿಂತರು.

"ಗುಡಿಯವರಿಗೆ ಏನು ಹೇಳ್ತೀರಿ?" ಎಂದಳು ಅವಳು.

"ಹದಿನೆಂಟು ದಿನ ಬಿಟ್ಟು ಬನ್ನಿ, ನನ್ನ ಶಿಷ್ಯೆ ಕಣ್ಣು ತೆರೆಸುತ್ತಾಳೆ ಅಂತ."

ವನಮಾಲ ಕೂತಲ್ಲೇ ಅಳತೊಡಗಿದಳು.

"ಏಳಮ್ಮ. ಕುಂಚ ತಗೊಂಡು ಬಾ. ನನ್ನ ಗುರುಗಳಿಗೆ ಬರಬೇಕಾದದ್ದನ್ನು ಈಗ ತಾನೇ ಕೊಟ್ಟೆಯಲ್ಲ."