ಹಳೇ ಹುಣಸೆಯೂ ನೀರುಬಣ್ಣದ ಕುಂಚವೂ

ಏಳೂರಿನ ದನ ಬಂದು ಮಲಗಿದರೂ ಇನ್ನೊಂದು ಊರಿನ ದನಕ್ಕೆ ನೆರಳು ಉಳಿಯುವಂಥ ಹಳೇ ಹುಣಸೆಮರವೊಂದು ದಾರಿಬದಿಯಲ್ಲಿತ್ತು. ಸಿಡಿಲಿಗೇ ಜಗ್ಗದ ಆ ಮರ, ಒಂದು ಬೆಳಿಗ್ಗೆ ಎದುರಿಗೆ ಬಂದು ಕೂತ ಚಿತ್ರಗಾರನ ಕೈಯಲ್ಲಿ ಕುಂಚ ಕಂಡು ಬೇರಿನ ತುದಿಯವರೆಗೂ ನಡುಗಿತು.

“ಕುಂಚಪ್ಪಾ, ನನ್ನ ಮೈ ಮುಟ್ಟಬೇಡ. ರಸ್ತೆ ಅಗಲ ಮಾಡುವವರ ಕುಂಚ ಪಕ್ಕದ ಬೇವಿನ ಮೈಮೇಲೆ ಕೆಂಪಗೆ ನಂಬರು ಬರೆಯಿತು. ಮೂರನೇ ದಿನ ಗರಗಸ ಬಂತು.”

ಕುಂಚ ನಕ್ಕಿತು. “ಅಯ್ಯೋ ಅಜ್ಜಾ, ಅದು ಎಣ್ಣೆಬಣ್ಣದ ಒರಟ. ನಾನು ನೀರುಬಣ್ಣದವನು, ಕಾಗದ ಬಿಟ್ಟು ಎಲ್ಲೂ ಕಾಲಿಡುವವನಲ್ಲ.”

“ಬೇವನ್ನೂ ಮೊದಲು ಕಾಗದದಲ್ಲೇ ಬರೆದುಕೊಂಡಿದ್ದರು,” ಎಂದಿತು ಮರ.

“ಹೆದರಬೇಡ. ನಿನ್ನಂಥ ಚೆಲುವನೆಂದರೆ ನನಗೆ ಪ್ರಾಣ,” ಎನ್ನುತ್ತ ಕುಂಚ ನೀರಲ್ಲಿ ಮುಳುಗೆದ್ದು, ಚಿತ್ರದ ಕೊಂಬೆಕೊಂಬೆಗೂ ಹಸಿರು ತುಂಬಿತು.

ಅಷ್ಟರಲ್ಲಿ ಕೆಂಪು ಬಣ್ಣದ ಡಬ್ಬ ಹಿಡಿದವನು ಬಂದೇಬಿಟ್ಟ.

“ಪ್ರಾಣ ಅಂದೆಯಲ್ಲೋ! ನಿನ್ನ ಯಜಮಾನನಿಗೆ ಹೇಳು, ಅವನನ್ನು ತಡೆಯಲಿ!” ಎಂದು ಮರ ಎಲೆಯೆಲ್ಲ ಉದುರುವಂತೆ ಅರಚಿತು. ಅರಚುತ್ತಿದ್ದಂತೆಯೇ ಬೊಡ್ಡೆಯ ಮೇಲೆ ತಣ್ಣಗೆ ನಲವತ್ತೇಳು ಎಂದು ಬಿತ್ತು.

ಕುಂಚ ಅವಸರವಾಗಿ ಕೆಂಪು ಅದ್ದಿಕೊಂಡು ಚಿತ್ರದ ಮರಕ್ಕೂ ಅದೇ ನಂಬರು ಬರೆಯಿತು.

“ಅಲ್ಲಾಡಬೇಡ ಅಜ್ಜಾ,” ಎಂದಿತು. “ಹಸಿರಿನ ನಡುವೆ ಈ ಕೆಂಪು ಎಷ್ಟು ಚೆಂದ ಕೂತಿದೆ ನೋಡು!”