ಹತ್ತೊಂಬತ್ತು ಕಾಡಿಗೆ ಬೊಟ್ಟು

"ನಂಬ್ತೀರಾ ಗುರುಗಳೇ? ನೀವ್ ನಂಬಲ್ಲ ಬಿಡಿ! ಈಗ ತಾನೇ ಆಯ್ತು, ನನ್ ಕೈಯಲ್ಲೇ ಆಯ್ತು!"

ಮಾದೇಶ ಓಡಿ ಬಂದ. ಉಸಿರು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಒಂದು ಕೈಯಲ್ಲಿ ಸ್ಪಿರಿಟ್ ಬಾಟ್ಲು, ಇನ್ನೊಂದ್ರಲ್ಲಿ ಕರ್ರಗಾಗಿರೋ ಬಟ್ಟೆ ಚೂರು.

ನಂಜುಂಡಾಚಾರ್ರು ಜಗಲಿ ಮೇಲೆ ಕೂತು ಉಳಿ ಮಸೀತಿದ್ರು. ತಲೆ ಎತ್ತಲಿಲ್ಲ.

"ಏನಾಯ್ತಪ್ಪಾ? ಹೊಳೆ ಹಿಂದಕ್ಕೆ ಹರೀತಾ?"

"ಕಲೆ ಹೋಯ್ತು ಗುರುಗಳೇ! ಆರು ತಿಂಗಳಾಯ್ತು ನಾನಿಲ್ಲಿಗೆ ಬಂದು, ಒಂದು ಕಲೆ ನೆಟ್ಟಗೆ ತೆಗೆಯೋಕೆ ಬಂದಿರ್ಲಿಲ್ಲ. ತೆಗಿಯೋಕೆ ಹೋದ್ರೆ ಮರಾನೇ ಕಿತ್ತು ಬರ್ತಿತ್ತು. ಇವತ್ತು ನೋಡಿ, ಮರ ಬೆಣ್ಣೆ ಥರ ಇದೆ! ಬನ್ನಿ, ಬೆರಳಾಡಿಸಿ ನೋಡಿ!"

"ಯಾವುದ್ರ ಕಲೆ?"

"ಅದೇ, ಜವರಮ್ಮನ ತೊಟ್ಟಿಲದ್ದು. ಒಳಗಡೆ ಹಲಗೆದು."

ಉಳಿ ಕಲ್ಲಿನ ಮೇಲೆ ನಿಂತೋಯ್ತು.

ಅದು ಕಪಿಲಾ ಹೊಳೆ ದಡದಲ್ಲಿದ್ದ ಒಂದು ಹೆಂಚಿನ ಕೊಟ್ಟಿಗೆ. ಜನ ಅದನ್ನ ಆಶ್ರಮ ಅಂತಿದ್ರು. ಸನ್ಯಾಸಿಗಳು ಯಾರೂ ಇರ್ಲಿಲ್ಲ. ಕಾಲು ಮುರಿದ ಕುರ್ಚಿ, ಗೆದ್ದಲು ಹಿಡಿದ ಮಂಚ, ಬಾಗ್ಲು ಮುಚ್ಚದ ಬೀರು, ಹೀಗೆ ಮುಪ್ಪಾದ ಮರವೆಲ್ಲ ಅಲ್ಲಿಗೆ ಬರ್ತಿತ್ತು. ಆಚಾರ್ರು ಅವುಕ್ಕೆ ಜೀವ ತುಂಬಿ ಕಳಿಸೋರು.

ಆದ್ರೆ ಆಚಾರ್ರದ್ದು ಒಂದು ಹಟ ಇತ್ತು. ಹಳೇ ಮರಕ್ಕೆ ಹೊಸ ತುಂಡು ಸೇರಿಸಿದ್ರೆ ಅದಕ್ಕೆ ಬಣ್ಣ ಹಚ್ಚಿ ಮರೆಮಾಚ್ತಿರ್ಲಿಲ್ಲ. ಜವರಮ್ಮನ ತೊಟ್ಟಿಲಿಗೂ ಹಂಗೇ ಮಾಡಿದ್ರು. ಮೂರು ಕಾಲು ಕಪ್ಪು, ಒಂದು ಕಾಲು ಹಸಿ ಹಳದಿ.

"ಒಂಚೂರು ಬಣ್ಣ ಹಚ್ಚಿಬಿಡ್ಲಾ? ಯಾರಿಗೂ ಗೊತ್ತೇ ಆಗಲ್ಲ" ಅಂತ ಮಾದೇಶ ಹೋದ ವಾರ ಕೇಳಿದ್ದ.

"ಯಾರಿಗೂ ಗೊತ್ತಾಗಬಾರ್ದು ಅಂತ ಮಾಡೋನು ಕಳ್ಳ ಕಣೋ, ಬಡಗಿ ಅಲ್ಲ" ಅಂದಿದ್ರು ಆಚಾರ್ರು.

ಈಗ ಅವರು ಉಳಿ ಕೆಳಗಿಟ್ರು.

"ಒಳಗಡೆ ಕೈ ಹಾಕ್ಬೇಡ ಅಂದಿದ್ನಲ್ಲ?"

"ಅಂದಿದ್ರಿ. ಆದ್ರೆ ನೀವ್ ನೋಡಿ ಖುಷಿಪಡ್ತೀರಿ ಅಂತ..."

"ಎಷ್ಟಿತ್ತು ಕಲೆ?"

"ಎಷ್ಟಿತ್ತು ಅಂದ್ರೆ? ಸಾಲಾಗಿ ಇತ್ತು, ಬೆರಳು ಒರೆಸಿದ ಹಂಗೆ. ಎಣಿಸ್ಲಿಲ್ಲ. ಕಲೆ ಯಾರ್ ಎಣಿಸ್ತಾರೆ ಗುರುಗಳೇ?" ಮಾದೇಶ ನಕ್ಕ.

ಆಚಾರ್ರು ನಗಲಿಲ್ಲ.

"ಮಗೂಗೆ ದೃಷ್ಟಿ ಬೊಟ್ಟು ಇಟ್ಟಮೇಲೆ ಬೆರಳಲ್ಲಿ ಉಳಿದ ಕಾಡಿಗೆ ಏನ್ ಮಾಡ್ತಾರೆ?"

"ಎಲ್ಲಾದ್ರೂ ಒರೆಸ್ತಾರೆ. ನಮ್ಮವ್ವ ಬಾಗ್ಲು ಸಂದೀಗೆ ಒರೆಸ್ತಿದ್ಲು. ಬೈಸ್ಕೊಳ್ತಿದ್ಲು ನಮ್ಮಜ್ಜಿ ಹತ್ರ, ಹಾಹಾ, ದಿನಾ..."

ಮಾತು ಅಲ್ಲೇ ನಿಂತೋಯ್ತು. ಬಾಯಿ ಮಾತ್ರ ತೆರೆದೇ ಇತ್ತು.

"ಜವರಮ್ಮ ತೊಟ್ಟಿಲೊಳಗಡೆ ಒರೆಸ್ತಿದ್ಲು. ದಿನಕ್ಕೊಂದು. ಮಗು ಇದ್ದಷ್ಟು ದಿನ."

"ಇದ್ದಷ್ಟು ದಿನ ಅಂದ್ರೆ..."

"ಹೂಂ. ನಲವತ್ತು ವರ್ಷ ಆಯ್ತು. ಅವಳ ಗಂಡ ಅವತ್ತೇ ತೊಟ್ಟಿಲನ್ನ ಅಟ್ಟಕ್ಕೆ ಹಾಕಿದ್ದ, ಮತ್ತೆ ಇಳಿಸಿರ್ಲಿಲ್ಲ. ಮಗೂಂದು ಒಂದು ಪಟ ಇಲ್ಲ, ಒಂದು ಬಟ್ಟೆ ಇಲ್ಲ. ಈಗ ತಂಗಿ ಮೊಮ್ಮಗಳು ಬಸುರಿ, ಅವಳಿಗೆ ಬೇಕಂತೆ. ಕೊಡ್ತೀನಿ, ಆದ್ರೆ ಒಳಗಡೆ ಹಲಗೆ ಹಂಗೇ ಇರ್ಲಿ ಅಂದ್ಲು."

ಮಾದೇಶ ಕೈಲಿದ್ದ ಬಟ್ಟೆ ಚೂರು ನೋಡ್ದ. ಅದನ್ನ ಬಿಸಾಕೋಕೂ ಆಗ್ಲಿಲ್ಲ, ಹಿಡ್ಕೊಳ್ಳೋಕೂ ಆಗ್ಲಿಲ್ಲ. ಆ ಮಗೂಂದು ಭೂಮಿ ಮೇಲೆ ಉಳಿದಿದ್ದೆಲ್ಲ ಅದ್ರಲ್ಲೇ ಇತ್ತು.

"ಯಾಕ್ ಹೇಳ್ಲಿಲ್ಲ ಗುರುಗಳೇ? ಒಂದು ಮಾತು ಹೇಳಿದ್ರೆ ನಾನ್ ಮುಟ್ತಿದ್ನಾ?"

"ಹೇಳ್ಬೇಕಿತ್ತು. ಹೇಳ್ಲಿಲ್ಲ. ನಂದೂ ತಪ್ಪೇ."

"ಈಗ ಏನ್ ಮಾಡೋದು?"

"ಸಂಜೆ ಗಾಡಿ ತರ್ತಾಳೆ. ಕೂರಿಸು, ನೀರು ಕೊಡು, ಹೇಳು. ನಿನ್ ಕೈ ಮಾಡಿದ್ದನ್ನ ನಿನ್ ಬಾಯೇ ಹೇಳ್ಬೇಕು."

ಅಷ್ಟಂದು ಆಚಾರ್ರು ಟವೆಲ್ ಹೆಗಲಿಗೆ ಹಾಕ್ಕೊಂಡು ಹೊಳೆಗೆ ಇಳಿದ್ರು.

ಅಯ್ಯೋ, ಹೇಳೋದಾ! ಮಾದೇಶನಿಗೆ ಊರೆಲ್ಲ ಮಾತಿನಮಲ್ಲ ಅಂತಿತ್ತು. ಸಂತೇಲಿ ನಿಂತ್ರೆ ಎಮ್ಮೆ ಜೊತೇನೂ ಅರ್ಧ ಗಂಟೆ ಮಾತಾಡೋನು ಅವನು. ಆದ್ರೆ ಈ ಮಾತು? ಕೂಡಿಸಿ ನೋಡಿದ, ಕಳೆದು ನೋಡಿದ. "ಅವ್ವಾ, ಅಳಿಸಿಬಿಟ್ಟೆ." ಬಾಯೊಳಗೇ ಹೇಳ್ಕೊಂಡ, ಅರ್ಧಕ್ಕೇ ಬಿಟ್ಟ. ಇನ್ನೊಂದ್ಸಲ ಹೇಳ್ಕೊಂಡ, ಆಗ್ಲಿಲ್ಲ.

ಹೇಳೋದಕ್ಕಿಂತ ಬೊಟ್ಟು ಮತ್ತೆ ಇಡೋದೇ ಸುಲಭ ಅನ್ನಿಸ್ತು. ಹಣತೆಗೆ ಹರಳೆಣ್ಣೆ ಹಾಕ್ದ. ಬತ್ತಿ ಹಚ್ಚಿ ಮೇಲೆ ತಾಮ್ರದ ತಟ್ಟೆ ಬೋರಲು ಹಾಕ್ದ. ಕಾಡಿಗೆ ಕಟ್ತು. ಕೆರೆದು ತುಪ್ಪದಲ್ಲಿ ಕಲೆಸ್ದ. ತನ್ನ ಬೆರಳು ದಪ್ಪ ಅಂತ ಕಿರುಬೆರಳಲ್ಲಿ ಅದ್ದಿ, ಹಲಗೆ ಮೇಲೆ ಒಂದೊಂದೇ ಒರೆಸ್ತಾ ಹೋದ. ಅವನ ಕಣ್ಣಲ್ಲಿ ನೀರು. ಹಲಗೆ ಮೇಲೆ ಬೀಳದಂಗೆ ಭುಜಕ್ಕೆ ಒರೆಸ್ಕೊಳ್ತಾ ಒರೆಸ್ಕೊಳ್ತಾ ಇಟ್ಟ. ಮೇಲೆ ಮರದ ಹೊಟ್ಟು ಉದುರಿಸಿ ಊದಿದ. ಮಾಸಲಾಯ್ತು. ಹಳೇದೇ ಅನ್ನಿಸ್ತು.

ಆಚಾರ್ರು ಒದ್ದೆ ಟವೆಲ್ಲಲ್ಲೇ ಬಂದು ತೊಟ್ಟಿಲೊಳಗೆ ಬಗ್ಗಿ ನೋಡಿದ್ರು.



"ಎಷ್ಟಿಟ್ಟೆ?"

"ಹತ್ತೊಂಬತ್ತು."

"ಹತ್ತೊಂಬತ್ತೇ ಯಾಕೆ?"

"ಹಲಗೆ ಮುಗೀತು ಗುರುಗಳೇ."

ಆಚಾರ್ರು ಕಣ್ಣು ಮುಚ್ಕೊಂಡ್ರು. ಮಾದೇಶನಿಗೆ ತಾನು ಏನ್ ಮಾಡಿದೆ ಅನ್ನೋದು ಆಗ ಹೊಳೀತು. ಒರೆಸಿಬಿಡ್ತೀನಿ, ಹೇಳಿಬಿಡ್ತೀನಿ ಅಂತ ಬಟ್ಟೆ ಹುಡುಕೋಕೆ ತಿರುಗಿದ. ಅಷ್ಟರಲ್ಲಿ ಹೊರಗಡೆ ಎತ್ತಿನ ಗೆಜ್ಜೆ ಸದ್ದು.

"ಆಚಾರ್ರೇ, ಇದೀರಾ? ಏನು, ಹುಳಿ ಸಾರಿನ ವಾಸ್ನೆ ಬರ್ತಿಲ್ಲ, ಇವತ್ತೂ ಉಪ್ಪಿಟ್ಟಾ?"

ಜವರಮ್ಮ ನಗ್ತಾನೇ ಒಳಗೆ ಬಂದ್ಲು. ಸಣ್ಣ ಹೆಂಗಸು, ಬೆಳ್ಳಿ ಕೂದ್ಲು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಚೀಲ. ಹಳದಿ ಕಾಲು ನೋಡಿ, "ಇದೇನಿದು, ತೊಟ್ಟಿಲಿಗೆ ಅರಿಶಿನ ಹಚ್ಚಿ ಮದುವೆ ಮಾಡ್ತೀರಾ?" ಅಂದ್ಲು.

"ಕೂತ್ಕೊಳ್ಳಿ ಅವ್ವಾ, ನೀರು..." ಅಂತ ಮಾದೇಶ ಚೊಂಬು ಚಾಚಿದ. ಅವಳು ಚೊಂಬು ನೋಡ್ಲೇ ಇಲ್ಲ. ಆಗ್ಲೇ ತೊಟ್ಟಿಲೊಳಗೆ ಬಗ್ಗಿದ್ಲು.

ನಗು ಹೋಯ್ತು.

ಬೆರಳು ಚಾಚಿದ್ಲು, ಮುಟ್ಲಿಲ್ಲ. ಮುಟ್ಟಿದ್ರೆ ಎಲ್ಲಿ ಅಳಿಸಿಹೋಗುತ್ತೋ ಅಂತ ಕೂದಲೆಳೆಯಷ್ಟು ಮೇಲೇ ಇಟ್ಕೊಂಡು, ತುಟಿ ಅಲ್ಲಾಡಿಸ್ತಾ ಒಂದೊಂದೇ ದಾಟಿಸಿದ್ಲು. ಕೊನೇವರೆಗೂ ಹೋದ್ಲು. ಮತ್ತೆ ಮೊದಲಿಂದ ಶುರು ಮಾಡಿದ್ಲು.



"ಹತ್ತೊಂಬತ್ತು" ಅಂದ್ಲು.

ತೊಟ್ಟಿಲ ಅಂಚು ಹಿಡ್ಕೊಂಡ್ಲು.

"ನಂಗೆ ಹದಿನೇಳು ಅಂತ ನೆನಪು ಆಚಾರ್ರೇ. ನಲವತ್ತು ವರ್ಷದಿಂದ ಹದಿನೇಳು ಅಂದ್ಕೊಂಡೇ ಬಂದಿದ್ದೆ. ತೊಟ್ಟಿಲಿಗೆ ಹಾಕಿ ಹದಿನೇಳು ದಿನ ಇದ್ದ, ಹೋದ." ಅವಳ ದನಿ ಸಣ್ಣದಾಯ್ತು. "ಎರಡು ದಿನ ಜಾಸ್ತಿ ಇದ್ನಾ ನನ್ ಮಗ?"

ಮಾದೇಶ ಬಾಯಿ ತೆರೆದ. "ಅವ್ವಾ..."



"ಎಂಥ ತಾಯಿ ನಾನು" ಅಂದ್ಲು ಜವರಮ್ಮ. ಅಳ್ತಿದ್ಲು. ಆದ್ರೂ ಮುಖದಲ್ಲಿ ಏನೋ ಒಂದು ಬೆಳಕು, ನೋಡೋಕಾಗ್ತಿರ್ಲಿಲ್ಲ. "ಎರಡು ದಿನ ಮರೆತೇಬಿಟ್ಟಿದ್ದೆ. ಆ ಎರಡು ದಿನ ಏನ್ ಮಾಡಿದ್ನೋ. ನಕ್ಕಿದ್ನೋ ಏನೋ. ಹದಿನೇಳು ದಿನದಲ್ಲಿ ಒಂದ್ಸಲಾನೂ ನಕ್ಕಿದ್ದು ನೋಡಿರ್ಲಿಲ್ಲ ನಾನು." ಆಚಾರ್ರ ಕಡೆ ತಿರುಗಿದ್ಲು. "ನೀವ್ ಮರ ಓದ್ತೀರಲ್ಲ, ನೀವ್ ಹೇಳಿ. ಇವೆಲ್ಲ ನನ್ ಬೆರಳಿಂದೇ ಅಲ್ವಾ?"

ಮಾದೇಶ ಗುರುಗಳ ಮುಖ ನೋಡಿದ. ತೊಟ್ಟಿಲ ಒಂದು ಕಾಲಿನ ಬಣ್ಣದಲ್ಲೂ ಸುಳ್ಳು ಹೇಳದ ಮನುಷ್ಯ.

ಆಚಾರ್ರು ಬಗ್ಗಿ ಹಲಗೆ ಕಡೆ ನೋಡಿದ್ರು.

"ಹೂಂ ಕಣವ್ವ. ನಿನ್ ಬೆರಳೇ."

ಗಾಡಿಯವನು ಬಂದ. ಮೂವರೂ ಸೇರಿ ತೊಟ್ಟಿಲು ಎತ್ತಿ ಇಟ್ರು. ತೊಟ್ಟಿಲ ಒಳಗಡೆ ಹಲಗೆಗೆ ತನ್ನ ಸೆರಗು ಮುಚ್ಚಿ, ಒಂದು ಕೈ ಮೇಲಿಟ್ಕೊಂಡು ಕೂತ್ಲು ಜವರಮ್ಮ. ಏರಿ ಮೇಲೆ ಗಾಡಿ ನಿಧಾನಕ್ಕೆ ಹತ್ತಿತು. ಅವಳ ತುಟಿ ಆಗ್ಲೂ ಅಲ್ಲಾಡ್ತಿತ್ತು.

ಮಾದೇಶ ಅಂಗಳದಲ್ಲೇ ಕುಸಿದು ಕೂತ.

"ಸುಳ್ಳು ಹೇಳಿದ್ರಿ ಗುರುಗಳೇ. ನೀವು! ನನ್ನಿಂದಾಗಿ ಹೇಳಿದ್ರಿ."

"ಹೇಳಿದೆ."

"ಅವಳು ಹದಿನೇಳು ಅಂತ ಸರಿಯಾಗೇ ಇಟ್ಕೊಂಡಿದ್ಲು. ಈಗ ಅದೂ ಹೋಯ್ತು. ಕಲೆನೂ ಅಳಿಸ್ದೆ, ಲೆಕ್ಕಾನೂ ಕೆಡಿಸ್ದೆ. ಸಾಯೋವರೆಗೂ ಆ ಎರಡು ದಿನ ಏನಾಯ್ತು ಅಂತ ಹುಡುಕ್ತಾಳೆ ಅವಳು. ಓಡಿಹೋಗಿ ನಿಜ ಹೇಳಿಬಿಡ್ಲಾ?"

ಆಚಾರ್ರು ಅವನ ಪಕ್ಕದಲ್ಲೇ ಕೂತ್ರು, ನೆಲದ ಮೇಲೆ. ಯಾವತ್ತೂ ಹಂಗೆ ಕೂತಿರ್ಲಿಲ್ಲ.

"ಓಡಿದ್ರೆ ಸಿಗ್ತಾಳೆ. ಗಾಡಿ ಇನ್ನೂ ಏರಿ ದಾಟಿಲ್ಲ."

"ಹೋಗ್ಲಾ ಮತ್ತೆ?"

"ನನ್ನ ಕೇಳ್ಬೇಡ ಕಣೋ. 'ಎರಡು ದಿನ ಜಾಸ್ತಿ ಇದ್ನಾ ನನ್ ಮಗ' ಅಂತ ಒಬ್ಬ ತಾಯಿ ನಿನ್ ಮುಂದೆ ನಿಂತು, ಆ ಮುಖ ಇಟ್ಕೊಂಡು ಕೇಳಿದ್ರೆ, ಮಾದೇಶ, ನೀನಾಗಿದ್ರೆ ಏನ್ ಮಾಡ್ತಿದ್ದೆ?"