ಮೇಣ ಮೆತ್ತಿದ ಮುಚ್ಚಳ

"ಅಜ್ಜಾರೆ, ನನ್ನ ತಮ್ಮ ಹಿಡಿದ ಕೆಲಸವನ್ನೆಲ್ಲ ಅರ್ಧಕ್ಕೆ ಬಿಡುತ್ತಾನೆ. ಅವನಿಗೆ ನಾನು ಏನು ಕಡಿಮೆ ಮಾಡಿದೆ?" ಎಂದು ಫಕೀರಪ್ಪ ಕೇಳಿದ.

ಕೇಳಿದ್ದು ಟ್ರ್ಯಾಕ್ಟರ್ ಮೇಸ್ತ್ರಿ ಯಮನೂರಜ್ಜನನ್ನು. ಫಕೀರಪ್ಪ ಪಾನಾ ಹಿಡಿದು ರಿಪೇರಿ ಕಲಿತದ್ದು ಅವನ ಹತ್ತಿರವೇ. ತಾಯಿ ತೀರಿಕೊಂಡ ಮೇಲೆ ತಮ್ಮ ದ್ಯಾಮಣ್ಣನನ್ನು ಫಕೀರಪ್ಪನೇ ಸಾಕಿದ್ದ. ದ್ಯಾಮಣ್ಣ ಈಗ ಮೀಸೆ ಬಂದ ಗಂಡಸು. ಅಣ್ಣನ ಪಕ್ಕದಲ್ಲೇ ಕುಳಿತಿದ್ದ.

"ಹೊಲಿಗೆ ಕಲಿಯುತ್ತೇನೆ ಅಂದ. ಸೂಜಿ ಚುಚ್ಚೀತು ಎಂದು ದಾರ ಕೂಡ ನಾನೇ ಪೋಣಿಸಿಕೊಟ್ಟೆ. ಬಿಟ್ಟುಬಂದ. ಈಗ ಹಳ್ಳದಾಚೆಯ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸಲು ಕರೆಯುತ್ತಿದ್ದಾರೆ. ಇವತ್ತೇ ಉತ್ತರ ಹೇಳಬೇಕು. ಕಳಿಸಲೋ ಬೇಡವೋ, ನೀವೇ ಹೇಳಿ."

ಅಜ್ಜ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡು ಹೇಳಿದ:

ಒಬ್ಬ ರೈತನಿದ್ದ. ಅವನ ಹತ್ತಿರ ಸೀಮೆಎಣ್ಣೆಯಲ್ಲಿ ಓಡುವ ಒಂದು ಹಳೆಯ ಟ್ರ್ಯಾಕ್ಟರ್ ಇತ್ತು. ಎಷ್ಟು ಹಳೆಯದು ಅಂದರೆ, ಆ ಸೀಮೆಯ ಗುಡ್ಡಗಳು ಇನ್ನೂ ದಿಬ್ಬಗಳಾಗಿದ್ದಾಗಲೇ ಅದು ಹೊಲ ಉತ್ತಿತ್ತು. ಅದು ಒಮ್ಮೆ ಕೆಮ್ಮಿದರೆ ಮೂರು ಊರಿನ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ರೈತನಿಗೆ ಅದರ ಮೇಲೆ ಪ್ರಾಣ. ದಿನವೂ ತೊಳೆಯುತ್ತಿದ್ದ. ಚಳಿಗೆ ಕೌದಿ ಹೊದಿಸುತ್ತಿದ್ದ. ಒಂದು ದಿನ ಎಣ್ಣೆ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ಅಯ್ಯೋ, ನನ್ನ ಕೂಸಿನ ಹೊಟ್ಟೆಗೆ ಧೂಳು ಹೋಗುತ್ತದಲ್ಲ ಎಂದು ಜೇನುಮೇಣ ತಂದು ಮೆತ್ತಿದ.

ಬಿತ್ತನೆಯ ಕಾಲ ಬಂತು. ಹೊಲ ಹದವಾಗಿತ್ತು. ಹದ ಆರಿದರೆ ಆ ವರ್ಷ ಬಿತ್ತಿಗೆಯಿಲ್ಲ. ಟ್ರ್ಯಾಕ್ಟರ್ ನಡುಹೊಲದ ತನಕ ಹೋಯಿತು, ಸೊರಗಿ ಸೊರಗಿ ನಿಂತಿತು.

ಗ್ಯಾರೇಜಿನವನೊಬ್ಬ ಬಂದ. ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದ. ಎಣ್ಣೆ ಇತ್ತು. ಪ್ಲಗ್ಗು ಬಿಚ್ಚಿ ಮಸಿ ಕೆರೆದು ಹಾಕಿದ. ಹ್ಯಾಂಡಲ್ ತಿರುವಿದೊಡನೆ ಗುಡುಗಿತು. "ಕಿಡಿ ಸತ್ತಿತ್ತು, ಬದುಕಿಸಿದೆ" ಅಂದ. ನಡುಹೊಲಕ್ಕೆ ಹೋಗಿ ಮತ್ತೆ ನಿಂತಿತು.

ಎಣ್ಣೆ ಮಾರುವವನು ಓಡಿ ಬಂದ. ತನ್ನ ಎಣ್ಣೆಗೆ ಕೆಟ್ಟ ಹೆಸರು ಬರಬಾರದಲ್ಲ! ಮುಚ್ಚಳ ತೆಗೆದು ಮೂಸಿದ. ಕಾರ್ಬೊರೇಟರ್ ಬಿಚ್ಚಿ ಊದಿದ. ಶುರುವಾಯಿತು. "ಕಸ ಕೂತಿತ್ತು, ಎಣ್ಣೆ ಚೊಕ್ಕ" ಅಂದ. ಮತ್ತೆ ನಿಂತಿತು.

ಪೂಜಾರಿ ಬಂದ. ಅವನೂ ಮುಚ್ಚಳ ತೆಗೆದು ಇಣುಕಿದ. ಆಮೇಲೆ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಶುರುವಾಯಿತು. ಗುಣ ಮಾಡಿದ್ದು ನಾನು, ನೀನಲ್ಲ ನಾನು ಎಂದು ಮೂವರೂ ಬದುವಿನ ಮೇಲೆ ಜಗಳಕ್ಕೆ ಬಿದ್ದರು. ಜಗಳ ಮುಗಿಯುವ ಮೊದಲೇ ಟ್ರ್ಯಾಕ್ಟರ್ ನಿಂತಿತ್ತು.

ಆಗ ನನ್ನನ್ನು ಕರೆದರು. ಯಮನೂರ ಬರುತ್ತಾನೆ ಅಂದರೆ ಸಾಕು, ಕೆಟ್ಟ ಗಾಡಿಗಳು ಹೆದರಿ ತಾವೇ ಅರ್ಧ ಸರಿಯಾಗುತ್ತಿದ್ದ ಕಾಲ ಅದು. ನಾನು ಪಾನಾ ಮುಟ್ಟಲಿಲ್ಲ. ಮುಚ್ಚಳವನ್ನು ಮೆಲ್ಲಗೆ ತಿರುವಿದೆ. ಸುಂಯ್ ಅಂತ ಗಾಳಿ ಎಳೆಯಿತು ನೋಡು! ನನ್ನ ರುಮಾಲು ಟ್ಯಾಂಕಿನೊಳಗೆ ಹೊರಟೇಬಿಟ್ಟಿತ್ತು, ಇಬ್ಬರು ಹಿಂದಿನಿಂದ ಜಗ್ಗಿ ಉಳಿಸಿದರು. ಬದುವಿನ ಮೇಲಿದ್ದ ಒಂದು ಗುಬ್ಬಿ ಇವತ್ತಿಗೂ ಸಿಕ್ಕಿಲ್ಲ.

"ಗುಬ್ಬಿಯೇ ಅಜ್ಜಾರೆ?" ಎಂದ ಫಕೀರಪ್ಪ.

"ಹದ್ದು ಅಂದರೆ ನೀನು ನಂಬುವುದಿಲ್ಲ ಅಂತ ಗುಬ್ಬಿ ಅಂದೆ. ಕೇಳು."

ಎಣ್ಣೆ ಕೆಳಗಿಳಿಯಬೇಕಾದರೆ ಮೇಲಿನಿಂದ ಅಷ್ಟು ಗಾಳಿ ಒಳಗೆ ಬರಬೇಕು. ಆ ತೂತು ಇರುವುದೇ ಅದಕ್ಕೆ. ಬಂದವರೆಲ್ಲ ಮುಚ್ಚಳ ತೆಗೆದರು. ತೆಗೆದಾಗಲೆಲ್ಲ ಅದು ಒಂದು ಗುಟುಕು ಗಾಳಿ ಕುಡಿಯಿತು. ಕುಡಿದಷ್ಟು ದೂರ ಓಡಿತು. ನಾನು ಜಾಲಿಮುಳ್ಳಿನಿಂದ ಮೇಣ ಚುಚ್ಚಿ ತೆಗೆಯಲು ಹೋದೆ. ರೈತ ಕೈ ಹಿಡಿದುಕೊಂಡ.

"ಧೂಳು ಹೋಗುತ್ತದೆ ಮೇಸ್ತ್ರಿ" ಅಂದ. ಅವನ ಕಣ್ಣು ತುಂಬಿತ್ತು.

"ಚೂರು ಹೋಗಲಿ ಬಿಡಪ್ಪ. ಸೋಸಿಕೊಳ್ಳಲು ಅದಕ್ಕೆ ಒಳಗೇ ಜಾಲರಿ ಇದೆ" ಅಂದು ಮೇಣ ಚುಚ್ಚಿ ತೆಗೆದೆ.

ಹೊತ್ತು ಮುಳುಗುವ ಮೊದಲು ಹೊಲ ಮುಗಿಯಿತು. ಟ್ರ್ಯಾಕ್ಟರ್ ನಿಲ್ಲಲೊಲ್ಲದೆ ಪಕ್ಕದವನ ಹೊಲವನ್ನೂ ಉತ್ತು, ಅವನಿಂದ ಬೈಸಿಕೊಂಡಿತು.

ಕತೆ ಮುಗಿಸಿ ಅಜ್ಜ ದ್ಯಾಮಣ್ಣನ ಕಡೆ ತಿರುಗಿದ.

"ಗಿರಣಿ ನಡೆಸುವ ಮನಸ್ಸು ನಿನಗಿದೆಯೇನಪ್ಪ?"

"ಅವನಿಗೇನು ತಿಳಿಯುತ್ತದೆ ಅಜ್ಜಾರೆ? ಬೆಲ್ಟು ಜಾರಿದರೆ ಏರಿಸಲು ನಾನೇ ಹಳ್ಳ ದಾಟಿ..." ಎಂದು ಫಕೀರಪ್ಪ ಶುರುಮಾಡಿದ.

ಅಜ್ಜ ಅವನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟ. ಕಣ್ಣು ಮಾತ್ರ ತಮ್ಮನ ಮೇಲಿತ್ತು.

"ಫಕೀರಾ, ನಾನು ಕೇಳಿದ್ದು ಅವನನ್ನು."